ಕ್ಲಾರಿನೆಟ್ ತುಳಜಾರಾಮ ಬೀಡಿ ಬಿಟ್ಟದ್ದು

"ಬಾಯಿ ತೆರಿ ಕಾಕಾ, ಇದೊಂದೇ ಚಮಚಾ," ಎಂದು ಬ್ಯಾಂಡಿನ ಹುಡುಗ ಅಮೀರ ಚಮಚವನ್ನು ತುಳಜಾರಾಮನ ಮೀಸೆಯ ತನಕ ತಂದದ್ದೂ, ಸಸ್ತಾಪುರ ಬಂಗ್ಲಾದ ಹತ್ತಿರ ಡ್ರೈವರ್ ಎಮ್ಮೆಯೊಂದನ್ನು ಉಳಿಸಲು ಬ್ರೇಕ್ ಒತ್ತಿದ್ದೂ ಒಂದೇ ಗಳಿಗೆಯಲ್ಲಿ ನಡೆಯಿತು. ಅಜವಾನದ, ಅಂದರೆ ಓಮಕಾಳಿನ, ಪುಡಿ ಅರ್ಧ ಬಾಯಿಗೆ, ಅರ್ಧ ಮೂಗಿಗೆ ಹೋಯಿತು. ತುಳಜಾರಾಮ ಏಳು ಸಲ ಸೀನಿದ. ಗಾಡಿಯ ಹಿಂಭಾಗದಲ್ಲಿ ಡೋಲು, ಕಹಳೆಗಳ ನಡುವೆ ಮುದುಡಿ ಕೂತಿದ್ದ ಕೆಂಪು ಕೋಟಿನ ಬ್ಯಾಂಡಿನವರು ಪ್ರತಿ ಸೀನಿಗೂ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡಿದರು.

"ಏನರ ಆತೇನು?" ಕಹಳೆಯ ಕಾಶಿರಾಮ ಆಸೆಯಿಂದ ಕೇಳಿದ.

"ಏನೂ ಆಗಿಲ್ಲ."

"ಹೊಟ್ಟಿ ಅಲ್ಲಾಡಿದಂಗ ಕಾಣ್ತು?"

"ಅಲ್ಲಾಡಿದ್ದು ಗಾಡಿ."

ತುಳಜಾರಾಮ ಬೀಡಿ ಬಿಟ್ಟು ಅಂದಿಗೆ ಒಂಬತ್ತು ದಿನ. ಬಸವಕಲ್ಯಾಣದ ಅಬ್ದುಲ್ ರಜಾಕ್ ಮಾಸ್ತರರ ಬ್ಯಾಂಡಿನಲ್ಲಿ ಅವನು ಹದಿನೆಂಟು ವರ್ಷದಿಂದ ಮುಂದಿನ ಸಾಲಿನ ಕ್ಲಾರಿನೆಟ್. ಹೋದ ತಿಂಗಳು ನಾರಾಯಣಪುರದ ಮದುವೆಯಲ್ಲಿ ಉದ್ದನೆಯ ಸ್ವರವೊಂದನ್ನು ಎಳೆಯುವಾಗ ದಮ್ಮು ಸಾಲದೆ ಕೆಮ್ಮು ನುಗ್ಗಿತು. ಕ್ಲಾರಿನೆಟ್ಟು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಕುದುರೆ ಬೆದರಿ ಮದುಮಗನನ್ನು ಬಾಸಿಂಗದ ಸಮೇತ ತಿಪ್ಪೆಯ ಮೇಲೆ ಇಳಿಸಿತು.

ಮಾಸ್ತರರು ಅಂದೇ ಹೇಳಿಬಿಟ್ಟರು: "ನೋಡು ತುಳಜಾರಾಮ, ಒಂದೇ ಬಾಯಾಗ ಬೀಡೀನೂ ಕ್ಲಾರಿನೆಟ್ಟೂ ನಡ್ಯಾಂಗಿಲ್ಲ. ಹುಮನಾಬಾದ್ ಲಗ್ನ ನಿನಗ ಕಡೀ ಮೌಕಾ. ಅಲ್ಲೂ ಎಡವಟ್ಟಾತು ಅಂದ್ರ ಹಿಂದಿನ ಸಾಲಿಗೆ ಹೋಗಿ ಝಾಂಜ್ ಬಾರಿಸು."

ಹದಿನೆಂಟು ವರ್ಷ ಕುದುರೆಯ ಮುಂದೆ ನಡೆದವನು ಇನ್ನು ಝಾಂಜಿನ ತಾಳ ಕುಟ್ಟುತ್ತ ಕುದುರೆಯ ಹಿಂದೆ ನಡೆಯುವುದೆಂದರೇನು! ತುಳಜಾರಾಮ ಬೀಡಿ ಬಿಟ್ಟ. ಮೊದಲ ಮೂರು ದಿನ ರೊಟ್ಟಿ ದುಂಡಗಿದೆಯೆಂದು ಹೆಂಡತಿ ಮೀನಾಳ ಮೇಲೆ ಹರಿಹಾಯ್ದ. ಕೈ ತಾನೇ ತಾನಾಗಿ ಜೇಬಿಗೆ ಹೋಗಿ ಬರಿದೇ ವಾಪಸು ಬರುತ್ತಿತ್ತು. ಅದನ್ನೆಲ್ಲ ಹೇಗೋ ತಡೆದುಕೊಂಡ. ಕೈಕೊಟ್ಟದ್ದು ಹೊಟ್ಟೆ. ಇಪ್ಪತ್ತೈದು ವರ್ಷದಿಂದ ಬೆಳಗಿನ ಬೀಡಿ ಹೊತ್ತಿದ ಮೇಲೆಯೇ ಎಚ್ಚರಗೊಳ್ಳುತ್ತಿದ್ದ ಹೊಟ್ಟೆಗೆ, ಬೀಡಿಯಿಲ್ಲದೆ ಹೊತ್ತು ಮೂಡಿದ್ದೇ ತಿಳಿಯಲಿಲ್ಲ. ಐದು ದಿನದಿಂದ ಅದಕ್ಕೆ ಬೆಳಗಾಗಿರಲಿಲ್ಲ.

ಸುದ್ದಿ ಓಣಿಯ ತುಂಬ ಹಬ್ಬಿತ್ತು. ಅಂದು ನಸುಕಿನಲ್ಲಿ ಮೀನಾ ಇಸಬಗೋಲ್ ಕುಡಿಸಿದಳು. ಪಕ್ಕದ ಮನೆಯ ಸಖುಬಾಯಿ, "ನನ್ನ ಗಂಡಗ ಇದರಿಂದಾನೇ ಮುಕ್ತಿ ಸಿಕ್ಕಿತ್ತಪಾ," ಎನ್ನುತ್ತ ಬಿಸಿ ಚಹಾದಲ್ಲಿ ಔಡಲೆಣ್ಣೆ ಸುರಿದು ತಂದಳು. ಈಗ ಹುಮನಾಬಾದಿನ ಲಗ್ನಕ್ಕೆ ಹೊರಟ ಗಾಡಿಯಲ್ಲಿ ಅಮೀರನ ಅಜವಾನ. ರಾಜೇಶ್ವರದಲ್ಲಿ ಗಾಡಿ ನಿಂತಾಗ ಕಾಶಿರಾಮ ತುಪ್ಪ ಹಾಕಿದ ಬಿಸಿ ಹಾಲು ಕುಡಿಸಿದ. ಒಬ್ಬರಿಗೂ ಬೇಡವೆನ್ನುವ ಶಕ್ತಿ ತುಳಜಾರಾಮನಲ್ಲಿರಲಿಲ್ಲ. ಇದ್ದದ್ದೆಲ್ಲ ಬೀಡಿಗೆ ಬೇಡವೆನ್ನುವುದರಲ್ಲೇ ಖರ್ಚಾಗಿತ್ತು.

"ಒಂದ್ ದಮ್ ಎಳದುಬಿಡು ಮಾರಾಯಾ," ಎಂದು ಡ್ರೈವರ್ ತನ್ನ ಬೀಡಿ ಚಾಚಿದ. "ಎಲ್ಲಾ ಸರಳ ಆಗ್ತದ."

ತುಳಜಾರಾಮ ಕಣ್ಣು ಮುಚ್ಚಿ, ಹತ್ತು ಎಣಿಸಿ, ಗಾಡಿ ಹತ್ತಿದ.

ಹುಮನಾಬಾದಿನ ಹನುಮಪ್ಪನ ಗುಡಿಯ ಮುಂದೆ ಮದುಮಗ ಕುದುರೆಯೇರಿ ಸಿದ್ಧನಿದ್ದ. ಲಗ್ನಪತ್ರಿಕೆಯಲ್ಲಿ ಮುಹೂರ್ತ ಹನ್ನೆರಡು ಮೂವತ್ತೈದು. ಅಂದರೆ ಅಕ್ಷತೆಯ ಅಕ್ಕಿಕಾಳು ಬೀಳುವುದು ಮೂರಕ್ಕೆ ಎಂದು ಎಲ್ಲರಿಗೂ ಗೊತ್ತು. ಗುಡಿಯಿಂದ ಫಂಕ್ಷನ್ ಹಾಲಿಗೆ ಮೆರವಣಿಗೆಯ ದಾರಿ ಒಂದು ಕಿಲೋಮೀಟರೂ ಇಲ್ಲ, ಆದರೆ ಮದುಮಗನ ಗೆಳೆಯರು ಕುಣಿದು ಮುಗಿಸಬೇಕಲ್ಲ.

ಮಾಸ್ತರರು ಕೈ ಎತ್ತಿದರು. ತುಳಜಾರಾಮ ಊದಿದ. ಅದೇ ಉದ್ದನೆಯ ಸ್ವರ, ಆದರೆ ಈ ಸಲ ಎಣ್ಣೆಯ ಧಾರೆಯಂತೆ ಎಲ್ಲೂ ತುಂಡಾಗದೆ ಏರಿತು. ಮಾಸ್ತರರ ಕಣ್ಣು ಒದ್ದೆಯಾದವು. ಸ್ವರ ತುದಿ ಮುಟ್ಟಿತು. ಸರಿಯಾಗಿ ಆಗಲೇ ತುಳಜಾರಾಮನ ಹೊಟ್ಟೆಗೆ ಬೆಳಗಾಯಿತು. ಐದು ಬೆಳಗೂ ಒಟ್ಟಿಗೇ.

"ಅಮೀರ," ಬಾಯಿಯ ಅಂಚಿನಿಂದ ಕೇಳಿದ, "ಸಂಡಾಸ್ ಎಲ್ಲದ?"

"ಫಂಕ್ಷನ್ ಹಾಲಿನಾಗ."

"ಎಷ್ಟು ದೂರ?"

"ನಡೆದ್ರ ಹತ್ತು ಮಿನಿಟ. ಬರಾತ್ ಸಂಗಟ ಎರಡೂವರೆ ತಾಸ್."

ಸಾಲು ಬಿಟ್ಟು ಓಡಿದರೆ ಝಾಂಜ್. ನಿಂತರೆ ಅದಕ್ಕಿಂತ ಕೆಟ್ಟದ್ದು. ತುಳಜಾರಾಮ ಊದುವುದನ್ನು ನಿಲ್ಲಿಸದೆ ನಡೆಯತೊಡಗಿದ. ಕ್ಲಾರಿನೆಟ್ಟು ಹೋದಲ್ಲಿಗೆ ಡೋಲು, ಡೋಲು ಹೋದಲ್ಲಿಗೆ ಕಹಳೆ, ಅದರ ಬೆನ್ನಿಗೆ ಕುದುರೆ. ಕುಣಿಯುವ ಹುಡುಗರು ಒಂದು ಕೈ ಮೇಲೆತ್ತಿ ಕಣ್ಣು ಮುಚ್ಚಿದ್ದರು. ತೆರೆದಾಗ ಬ್ಯಾಂಡೇ ಇಲ್ಲ! ನಿಧಾನದ ಹಾಡು ದಂಡಯಾತ್ರೆಯ ಹಾಡಾಯಿತು. ಮಾಸ್ತರರು ಹಿಮ್ಮುಖವಾಗಿ ಓಡುತ್ತ "ಧೀರೆ! ಸಾವಕಾಶ!" ಎಂದು ಕೈ ಬೀಸಿದರೆ ಹಿಂದಿನವರು ಇನ್ನೂ ಜೋರು ಎಂದು ತಿಳಿದರು. ಮದುಮಗ ಕುದುರೆಯ ಕೊರಳನ್ನು ತಬ್ಬಿಕೊಂಡ. ಅವನ ಸೋದರತ್ತೆ ಸೀರೆ ಎತ್ತಿಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಫಂಕ್ಷನ್ ಹಾಲಿನ ಬಾಗಿಲಲ್ಲಿ ಕಡೆಯ ಸ್ವರ ಮುಗಿಸಿ, ಕ್ಲಾರಿನೆಟ್ಟನ್ನು ಅಮೀರನ ಎದೆಗೆ ಒತ್ತಿ, ಕೋಟಿನ ಹಿತ್ತಾಳೆ ಗುಂಡಿಗಳನ್ನು ಕೀಳುತ್ತ ತುಳಜಾರಾಮ ಮಾಯವಾದ.

ಬಹಳ ಹೊತ್ತಿನ ಮೇಲೆ, ಜಗತ್ತು ಎಷ್ಟು ಹಗುರ ಎಂದು ಅವನಿಗೆ ಅನಿಸುತ್ತಿದ್ದಾಗ, ಹೊರಗೆ ಗದ್ದಲ ಕೇಳಿಸಿತು.

"ಎಲ್ಲಿಹಾನ ಆ ಕ್ಲಾರಿನೆಟ್‌ನವ? ಹೊರಗ ಬಾ ಅನ್ರಿ!"

ಕುಣಿಯುವ ಹುಡುಗರೇ ಇರಬೇಕು. ಇನ್ನು ಝಾಂಜ್ ಕೂಡ ಸಿಗಲಿಕ್ಕಿಲ್ಲ. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಬಾಗಿಲು ತೆರೆದ. ಕೊರಳಿಗೆ ಹೂವಿನ ಹಾರ ಬಿತ್ತು.

ಹಾಕಿದವರು ಹೆಣ್ಣಿನ ತಂದೆ ದೇವಿಂದ್ರಪ್ಪ. "ನಾಲ್ಕು ಹೆಣ್ಣುಮಕ್ಕಳ ಲಗ್ನ ಮಾಡೀನ್ರಿ! ಹೇಳಿದ ಹೊತ್ತಿಗೆ ಅಕ್ಕಿಕಾಳು ಬಿದ್ದದ್ದು ಇದೇ ಮೊದಲು! ಅನ್ನ ಇನ್ನಾ ಬಿಸಿ ಅದ ಅಂದ್ರ ನಂಬ್ತೀರೇನ್ರಿ?"

ಹಿಂದೆ ಮಾಸ್ತರರು ಹಲ್ಲು ಕಿರಿಯುತ್ತ ನಿಂತಿದ್ದರು. "ನಿಂತ ಜಾಗಾದಾಗ ಆರು ಲಗ್ನ ಬುಕ್ ಆದ್ವು. ನಾಳಿ ಬೇಮಳಖೇಡ, ನಾಡದು ಮಂಠಾಳ. ಎಲ್ಲಾರದೂ ಒಂದೇ ಶರತ್ತು, ಇದೇ ಕ್ಲಾರಿನೆಟ್, ಇದೇ ನಡಿಗಿ. ಇನ್ನ ಸಾಯೂತನಾ ಮುಂದಿನ ಸಾಲು ನಿಂದೇ, ತಗೋ!"

"ಮಾಸ್ತರ್ರೇ, ಆ ನಡಿಗಿ ನಂದಲ್ರಿ," ತುಳಜಾರಾಮ ಪಿಸುಗುಟ್ಟಿದ. "ಹೊಟ್ಟೀದು. ಅದೀಗ ಪೂರಾ ಖಾಲಿ ಅದ."

ಮಾಸ್ತರರು ಗಡ್ಡ ನೀವಿಕೊಂಡರು. "ಖಾಲಿ ಇದ್ರ ತುಂಬಸಬೇಕು, ಅದ್ರಾಗೇನದ? ಸಾಹುಕಾರ್ರೇ, ಒಂದ್ ತಾಟ್ ತರಸ್ರಿ."

ದೇವಿಂದ್ರಪ್ಪ ತಾವೇ ತಂದರು. ಗುಡ್ಡದಂಥ ಅನ್ನ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಮೇಲೆ ಮಿರ್ಚಿ ಭಜಿ, ಅದರ ಮೇಲೆ ಮುಷ್ಟಿಗಾತ್ರದ ಬುಂದೆ ಉಂಡೆ. ಬ್ಯಾಂಡಿಗೆ ಬ್ಯಾಂಡೇ ಸುತ್ತ ನೆರೆಯಿತು. ಮಾಸ್ತರರು ಉಂಡೆಯನ್ನು ತಮ್ಮ ಕೈಯಾರೆ ಎತ್ತಿ ಅವನ ಬಾಯಿಯ ಹತ್ತಿರ ತಂದರು.

"ಉಣ್ಣು ಬೇಟಾ. ಐದು ದಿನದ್ದು ನಾಳಿ ಹನ್ನೆರಡರ ಒಳಗ ತಯಾರಾಗಬೇಕು."

ಒಂಬತ್ತು ದಿನದಲ್ಲಿ ಮೊದಲ ಸಲ ತುಳಜಾರಾಮನಿಗೆ ಹಸಿವಾಗಿತ್ತು. ತುಪ್ಪದ ಪರಿಮಳ ಮೂಗಿಗೆ ಅಡರಿತು. ಅವನು ಉಂಡೆಯನ್ನು ನೋಡಿದ. ಮಾಸ್ತರರನ್ನು ನೋಡಿದ. ತುಟಿ ಬಿಗಿದುಕೊಂಡು ಒಂದೇ ಮಾತಿಗಾಗುವಷ್ಟು ಬಿಚ್ಚಿದ.

"ಒಲ್ಲೆ."