ಬರೀ ಕಾಫಿ

ಬಸ್ಸು ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಲ್ಲಬಹುದು. ಲಾರಿಯೊಂದು ಅಡ್ಡ ಬಿದ್ದು ರಸ್ತೆಯೇ ಮುಚ್ಚಿರಬಹುದು. ಮಂಗಳೂರಿನ ಡಾಕ್ಟರು ಯಾರದೋ ಮದುವೆಗೆ ಹೋಗಿರಬಹುದು. ಹಳೆಯ ರಿಪೋರ್ಟುಗಳ ಚೀಲ ಬಸ್ಸಿನಲ್ಲೇ ಉಳಿಯಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಹೆಂಡತಿ ಸರೋಜಳಿಗೆ ನಾಲ್ಕನೆಯ ಕಾಯಿಲೆಯೂ ಇದೆ ಎಂದು ಅವರು ಹೇಳಿಬಿಡಬಹುದು. ಬಾಳ್ಳುಪೇಟೆಯಲ್ಲಿ ಮೊದಲ ಬಸ್ಸು ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟು. ಚಿಂತೆ ಮಾಡುವುದಕ್ಕೆ ಸಂಬಳ ಕೊಡುವವರಿದ್ದಿದ್ದರೆ ನಾನು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಇರುತ್ತಿರಲಿಲ್ಲ, ಎಸ್ಟೇಟನ್ನೇ ಕೊಂಡಿರುತ್ತಿದ್ದೆ.

ಅವಳಿಗೆ ಮೊದಲು ಬಂದದ್ದು ಥೈರಾಯ್ಡು. ಅದರ ಮಾತ್ರೆ ಒಗ್ಗುವಷ್ಟರಲ್ಲಿ ಕೈಬೆರಳ ಗಂಟುಗಳು ಊದಿಕೊಂಡವು. ಆಮೇಲೆ ಮೊಣಕೈ ಮೇಲೆ ಬಿಳಿ ಮಚ್ಚೆ. ಯಾರದೋ ಕಣ್ಣು ಬಿದ್ದಿದೆ ಎಂದು ನಾನು ನಿವಾಳಿಸಿಯೂ ಆಗಿತ್ತು. ಡಾಕ್ಟರು ಮಾತ್ರ, ಮೂರಕ್ಕೂ ಬೇರು ಒಂದೇ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬಿದ್ದಿದೆ ಎಂದು ವಿವರಿಸಿದರು. ನನಗಿಂತ ಮೊದಲು ಅರ್ಥವಾದದ್ದು ಅವಳಿಗೆ. "ನಮ್ ಕಣದ ವಾಚ್‌ಮನ್ ತರ ಅನ್ನಿ ಸಾರ್. ಕಾಫಿ ಕಳ್ಳ ಅಂದ್ಕಂಡು ಇವ್ರಿಗೇ ದೊಣ್ಣೇಲಿ ಬಾರಿಸ್ಬುಟ್ಟಿದ್ದ." ಡಾಕ್ಟರು ನಕ್ಕರು. ನಾನು ಭುಜ ಸವರಿಕೊಂಡೆ.

ಈಗ ಅವಳಿಗೆ ವಿಪರೀತ ಬಾಯಾರಿಕೆ, ತೂಕವೂ ಇಳಿದಿತ್ತು. ಸಕ್ಕರೆ ಕಾಯಿಲೆಯೂ ಸೇರಿದೆಯೇ ನೋಡೋಣ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. "ಸೇರಿದ್ರೆ ಸೇರ್ಲಿ ಬುಡಿ, ಮೂರು ಜನ ಇರೋ ಮನೇಗೆ ಇನ್ನೊಬ್ರು ಹೆಚ್ಚಾ?" ಎಂದಳು ಬಸ್ಸಿನಲ್ಲಿ. ಆದರೆ ಊದಿದ ಬೆರಳುಗಳಲ್ಲಿ ನನ್ನ ಅಂಗಿಯ ತೋಳನ್ನು ಮಂಗಳೂರು ಬರುವವರೆಗೂ ಬಿಡಲಿಲ್ಲ.

ಲಾರಿ ಅಡ್ಡ ಬೀಳಲಿಲ್ಲ, ಚೀಲ ಉಳಿಯಲಿಲ್ಲ, ಡಾಕ್ಟರೂ ಇದ್ದರು. ನಾಲ್ಕನೆಯ ಕಾಯಿಲೆಯೂ ಇರಲಿಲ್ಲ; ಥೈರಾಯ್ಡಿನ ಮಾತ್ರೆಯ ಪ್ರಮಾಣ ಸ್ವಲ್ಪ ಹೆಚ್ಚಾಗಿತ್ತಂತೆ. ಆದರೆ ಅದು ಗೊತ್ತಾದದ್ದು, ಸೊಳ್ಳೆ ತುಂಬಿದ ಲಾಡ್ಜಿನಲ್ಲಿ ಒಂದು ರಾತ್ರಿ ಅವಳ ಕೈ ಹಿಡಿದುಕೊಂಡು ಕಳೆದ ಮೇಲೆ.

ಮೊದಲ ದಿನವೇ ಯಾಕೆ ಗೊತ್ತಾಗಲಿಲ್ಲ ಎನ್ನುತ್ತೀರಾ? ರಕ್ತ ತೆಗೆಯಲು ಬಂದ ನರ್ಸಮ್ಮ, "ಏನಾದರೂ ತಿಂದಿದ್ದೀರಾ?" ಎಂದು ಕೇಳಿದರು. ನಾನೇ ಮುಂದೆ ಬಿದ್ದು, "ಏನೂ ಇಲ್ಲಮ್ಮ, ತಿಂಡಿ ಡಬ್ಬೀನೂ ಮನೇಲೇ ಬಿಟ್ಟು ಬಂದಿದೀವಿ. ಮಾರನಹಳ್ಳೀಲಿ ಬಸ್ ನಿಂತಾಗ ಬರೀ ಕಾಫಿ," ಎಂದೆ. ನಮ್ಮ ಕಡೆ ಕಾಫಿ ಊಟತಿಂಡಿಯ ಜಾತಿಗೆ ಸೇರಿದ್ದಲ್ಲ; ಏಕಾದಶಿಯ ಉಪವಾಸವೇ ಅದರಿಂದ ಕೆಡುವುದಿಲ್ಲ.

ನರ್ಸಮ್ಮ ಸಿರಿಂಜು ಕೆಳಗಿಟ್ಟರು. ಸರೋಜ ನನ್ನತ್ತ ತಿರುಗಿದಳು.

"ಸಕ್ಕರೆ ಐತಾ ನೋಡ್ಸಕ್ಕೆ ಅಂತ ಕರ್ಕಂಡ್ ಬಂದು, ಚಳಿ ಐತೆ ಅಂತ ದಾರೀಲಿ ನೀವೇ ಸಕ್ಕರೆ ಜಾಸ್ತಿ ಹಾಕ್ಸಿ ಕುಡ್ಸಿದ್ರಲ್ಲ ಮಾರಾಯ್ರೇ! ಆ ವಾಚ್‌ಮನ್ನೇ ವಾಸಿ ಕಣ್ರೀ."