ಪೆಟ್ರೋಲ್ ಟ್ಯಾಂಕಿಗೆ ತೆಂಗಿನಕಾಯಿ

ನಾನು ಶಹಾಪುರದಲ್ಲಿ ಬೋರ್‌ವೆಲ್ ಮೋಟಾರು ಮಾರುವವನು. ಹತ್ತಿಕುಣಿಯಿಂದ ಕಕ್ಕೇರಾದವರೆಗೆ ನಾನು ಇಳಿಸಿಕೊಟ್ಟ ಮೋಟಾರುಗಳು ಇವತ್ತಿಗೂ ನೀರೆತ್ತುತ್ತಿವೆ. ಹೀಗಿರುವಾಗ, ಕಾರಿನ ಪೆಟ್ರೋಲ್ ಟ್ಯಾಂಕಿನೊಳಗೂ ಒಂದು ಪಂಪು ಮುಳುಗಿ ಕೂತಿರುತ್ತದೆ ಎಂದು ಗೊತ್ತಾದ ದಿನ ನನಗಾದ ಆನಂದ ಅಷ್ಟಿಷ್ಟಲ್ಲ. ಅದೂ ಬೋರ್ ಮೋಟಾರೇ ಅಲ್ಲವೇ! ನೀರಿನ ಬದಲು ಪೆಟ್ರೋಲು, ನೂರಾರು ಅಡಿಯ ಬದಲು ಒಂದು ಗೇಣು. ಇಷ್ಟು ಸಣ್ಣ ಬಾವಿಗೆ ಬೇರೆ ಮಿಸ್ತ್ರಿಯನ್ನು ಯಾಕೆ ಕರೆಯಬೇಕು?

ನನ್ನ ಕಾರಿಗೆ ಯಾವ ರೋಗವೂ ಇರಲಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಹಳೆಯದು, ಬಿಳಿಯದು, ಹೇಳಿದ ಕಡೆ ಹೋಗಿ ಹೇಳಿದ ಹೊತ್ತಿಗೆ ಬರುತ್ತಿತ್ತು. ರೋಗ ಇದ್ದದ್ದು ನನಗೆ. ಊಟವಾದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡುವ ರೋಗ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ, ಹಳೆಯ ಪಂಪಿನ ರಬ್ಬರು ಅದನ್ನು ತಡೆಯದೆ ಉಬ್ಬಿ ಹಾಳಾಗುತ್ತದೆ ಎಂದು ವಿಡಿಯೋದಲ್ಲಿ ಒಬ್ಬ ಹೇಳಿದ. ರೇಸಿನ ಕಾರುಗಳಿಗೆ ಎಥೆನಾಲ್ ತಡೆಯುವ ಜೋರು ಪಂಪು ಇರುತ್ತದಂತೆ. ಅದನ್ನು ಹಾಕಿದರೆ ಹಳೆಯ ಕಾರೂ ಕುದುರೆಯಾಗುತ್ತದಂತೆ. ನಾನು ಆ ಕ್ಷಣವೇ ಹೈದರಾಬಾದಿನಿಂದ ಒಂದು ಪಂಪು ತರಿಸಲು ಹೇಳಿಬಿಟ್ಟೆ.

ಕುದುರೆ ಯಾಕೆ ಬೇಕಿತ್ತು ಅಂದರೆ, ನನ್ನ ತಂಗಿ ಗಿರಿಜೆಯ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಗಿರಿಜೆಯನ್ನು ಸುರಪುರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ತವರಿನವರು ಸೀರೆ, ಕುಬಸದ ಖಣ, ಬುತ್ತಿ ಒಯ್ದು ಅವಳ ಉಡಿ ತುಂಬಬೇಕು. ಅವಳಿಗೆ ಬಯಕೆ ಅಂದರೆ ಒಂದೇ: ನಮ್ಮವ್ವನ ಕೈಯ ಪುಂಡಿಪಲ್ಯ, ಸಜ್ಜೆ ರೊಟ್ಟಿ. ವಾರದಿಂದ ದಿನಾ ಫೋನು.

"ಯಣ್ಣಾ, ನಡು ಮಧ್ಯಾಹ್ನದೊಳಗ ಬರಬೇಕ ನೋಡು. ನನ್ನ ನೆಗೆಣ್ಣಿ ಕುಬಸಕ್ಕ ಅವರ ತವರಮನ್ಯಾವ್ರು ಮುಂಜಾನೇನೇ ಬಂದು ಕುಂತಿದ್ರು. ನಾ ಬಾಗಿಲ ಕಾಯ್ಕೊಂತ ನಿಂದ್ರಂಗ ಮಾಡಬ್ಯಾಡ."

"ಫಿಕರ್ ಮಾಡಬ್ಯಾಡ್ವಾ. ಈ ಸಲ ಹ್ಯಾಂಗ ಬರ್ತೀನಿ ನೋಡು!" ಎಂದೆ. ಹೇಗೆ ಬಂದೆ ಎಂಬುದನ್ನು ಇಡೀ ಸುರಪುರ ನೋಡಿತು.

ಪಂಪು ಯಾದಗಿರಿ ಸ್ಟೇಷನ್ನಿಗೆ ಬಂದು ನನ್ನ ಕೈ ಸೇರಿದ್ದು ಕುಬಸದ ಹಿಂದಿನ ಸಂಜೆ. ಬುದ್ಧಿವಂತನಾದವನು ಅದನ್ನು ಕಪಾಟಿನಲ್ಲಿಟ್ಟು ಮಲಗುತ್ತಿದ್ದ. ನಾನು ಮುಂಜಾನೆ ಎದ್ದವನೇ ಕಾರಿನ ಹಿಂದಿನ ಸೀಟು ಕಿತ್ತು ಅಂಗಳಕ್ಕೆ ಎಸೆದೆ. ಪಂಪಿನ ಮುಚ್ಚಳ ಇರುವುದು ಆ ಸೀಟಿನ ಕೆಳಗೆ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಮಹಾದೇವಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಇದೇನ್ರಿ ಇದು? ಚಲೋ ನಡಿಯೂ ಗಾಡಿ ಯಾಕ ಬಿಚ್ಚೀರಿ? ಕುಬಸ ಮುಗಿದ ಮ್ಯಾಲ ಮಾಡಿದ್ರ ಆಗೂದಿಲ್ಲೇನು?"

"ನಾ ಎಷ್ಟ ಮೋಟಾರ್ ಇಳಸೀನಿ ಗೊತ್ತದನು? ಒಂದ ತಾಸಿನ ಕೆಲಸ."

"ಏನ್ ಪಂಪಪಾ ಅದು?" ಎಂದು ಅವ್ವ ಕೇಳಿದಳು. ನಾನು ಎಥೆನಾಲ್ ಬಗ್ಗೆ ವಿವರಿಸಿದೆ. ಅವ್ವನಿಗೆ ತಿಳಿಯಲಿಲ್ಲ. ಸುಲಭವಾಗಲಿ ಎಂದು, "ಕಬ್ಬಿನಿಂದ ಮಾಡ್ತಾರ ಯವ್ವ. ಒಂಥರಾ ಸೆರಿ ಇದ್ದಂಗ" ಎಂದುಬಿಟ್ಟೆ.

ಅವ್ವ ಕೊರಳಿನ ಲಿಂಗ ಮುಟ್ಟಿಕೊಂಡಳು. "ನಿಮ್ಮಪ್ಪ ಬೀಡಿ ಸೈತ ಮುಟ್ಟಿದಾವಲ್ಲ. ನೀ ಕಾರಿಗಿ ಸೆರಿ ಕುಡಸ್ತಿ? ನನ್ನ ಮಗಳ ಬುತ್ತಿ ಕುಡುಕ ಗಾಡ್ಯಾಗ ಹೋಗೂದಿಲ್ಲ!"

"ಅತ್ತೀ, ಈಗ ಬಂಕಿನ್ಯಾಗ ಹಾಕೂದೆಲ್ಲಾ ಅದೇ ಅಂತ್ರಿ. ಊರಾನ ಗಾಡಿ ಎಲ್ಲಾ ಕುಡದೇ ಅಡ್ಡಾಡಾಕತ್ತಾವ" ಎಂದು ಮಹಾದೇವಿ ಸಮಾಧಾನ ಮಾಡಿದಳು.

"ಅದಕ್ಕೇ ಹಂಗ ಬಡಕೊಂಡು ಬೀಳಾಕತ್ತಾವ!" ಎಂದು ಅವ್ವ ತೀರ್ಪು ಕೊಟ್ಟಳು. ಕೊನೆಗೆ, ಒಂದು ಕಾಯಿ ಒಡೆದು ಪೂಜೆ ಮಾಡಿದರೆ ಮಾತ್ರ ಕಾರು ಹತ್ತುವುದಾಗಿ ಒಪ್ಪಿಕೊಂಡಳು. ಬೋರಿಗೆ ಮೋಟಾರು ಇಳಿಸುವಾಗ ಪೂಜೆ ಇದ್ದೇ ಇರುತ್ತದೆ. ನಾನೂ ಹೂಂ ಅಂದೆ.

ಅಷ್ಟರಲ್ಲಿ ನಮ್ಮ ಅಂಗಡಿಯ ಮಲ್ಲಪ್ಪ ಬಂದ. ಬೋರಿಗೆ ಮೋಟಾರು ಇಳಿಸುವುದರಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಮುಕ್ಕಾಲಿ, ಚೈನು, ರಾಟೆ, ದಪ್ಪ ನೈಲಾನ್ ಹಗ್ಗ, ಎಲ್ಲವನ್ನೂ ಹೊತ್ತು ತಂದಿದ್ದ. ನಾನು ಬದನೆಕಾಯಿಯಷ್ಟಿದ್ದ ಪಂಪನ್ನು ತೋರಿಸಿದೆ. ಅವನಿಗೆ ಬಹಳ ಬೇಸರವಾಯಿತು.

"ಇದಕ್ಕ ನನ್ನ ಕರಿಸೀರಿ? ಇರ್ಲಿ ಬಿಡ್ರಿ. ಆದ್ರ ಸಾವಕಾರ್ರ, ಹಗ್ಗ ಕಟ್ಟಲಾರದ ಮೋಟಾರ್ ಇಳಸಬಾರ್ದು ನೋಡ್ರಿ."

ಹಗ್ಗ ಕಟ್ಟಿದೆವು! ಗೇಣುದ್ದದ ಟ್ಯಾಂಕಿಗೆ ಐವತ್ತು ಅಡಿಯ ಹಗ್ಗ! ಇಬ್ಬರೂ ಉಸಿರು ಹಿಡಿದು, "ಬಿಡು, ಬಿಡು, ಸಾವಕಾಶ" ಎನ್ನುತ್ತಾ ಹೊಸ ಪಂಪನ್ನು ಇಳಿಸಿ ಕೂಡಿಸಿದೆವು. ಆಮೇಲೆ ಹಗ್ಗ ಬಿಚ್ಚಿ ಡಿಕ್ಕಿಯಲ್ಲಿ ಹಾಕಿದೆವು. ಮಲ್ಲಪ್ಪ ಪೂಜೆಗೆಂದು ತೆರೆದ ಟ್ಯಾಂಕಿನ ಪಕ್ಕದಲ್ಲಿ ಕೂತು ಊದಿನಕಡ್ಡಿ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದ. ಮಹಾದೇವಿ ಕಿಟಕಿಯಿಂದ ನೋಡಿ ಒಂದು ಕಿರುಚು ಕಿರುಚಿದಳು. ಪೆಟ್ಟಿಗೆ ಮಲ್ಲಪ್ಪನ ಕೈಯಿಂದ ಹಾರಿ ಗಟಾರಕ್ಕೆ ಬಿತ್ತು. ನಮ್ಮ ಓಣಿ ಇವತ್ತು ಶಹಾಪುರದ ನಕ್ಷೆಯಲ್ಲಿ ಉಳಿದಿದ್ದರೆ ಅದಕ್ಕೆ ಆಕೆಯ ಗಂಟಲೇ ಕಾರಣ.

ಇನ್ನು ಕಾಯಿ. ಅದಕ್ಕೇನು ಬೆಂಕಿ ಬೇಕೇ? ನಾನು ಟಪ್ಪನೆ ಒಡೆದೆ. ಇಲ್ಲಿ ಓದುಗರು ನನ್ನ ಮೇಲೆ ಸ್ವಲ್ಪ ಕರುಣೆ ತೋರಬೇಕು. ಮೋಟಾರು ಇಳಿಸಿದ ಮೇಲೆ ಕಾಯಿ ಒಡೆದು ಅದರ ನೀರನ್ನು ಬೋರಿಗೆ ಬಿಡುವುದು ನಮ್ಮ ಅಂಗಡಿಯ ಪದ್ಧತಿ. ಗಂಗವ್ವನಿಗೆ ಮೊದಲ ಗುಟುಕು. ಇಷ್ಟು ವರ್ಷ ಮಾಡಿದ ಕೈ, ತಲೆಯನ್ನು ಒಂದು ಮಾತೂ ಕೇಳಲಿಲ್ಲ. ಸೀದಾ ಹೋಗಿ ಟ್ಯಾಂಕಿನ ಬಾಯಿಗೆ ಕಾಯಿ ಬಗ್ಗಿಸಿತು. ಗುಳುಗುಳು! ಎಲ್ಲವೂ ಒಳಗೆ!

ಮಲ್ಲಪ್ಪ ಬಗ್ಗಿ ಟ್ಯಾಂಕಿನೊಳಗೆ ಇಣುಕಿದ.

"ಪೆಟ್ರೋಲಿನ್ಯಾಗ ಕಾಯಿ ನೀರು ಹಾಕಿದ್ರೇನ್ರಿ?" ಎಂದಳು ಮಹಾದೇವಿ.

ಮಾಡಬಾರದ್ದು ಮಾಡಿದೆ ಎಂದು ನನಗೂ ಗೊತ್ತಾಗಿತ್ತು. ಆದರೆ ಗಂಡಸಾದವನು ಹೆಂಡತಿಯ ಮುಂದೆ, ಅದಕ್ಕಿಂತ ಹೆಚ್ಚಾಗಿ ಮಲ್ಲಪ್ಪನ ಮುಂದೆ, ಸೋಲುವುದುಂಟೇ? "ಎಥೆನಾಲ್ ನೀರು ಹೀರ್ಕೋತದ. ವಿಡಿಯೋದಾಗೇ ಹೇಳ್ಯಾನ" ಎಂದೆ. ವಿಡಿಯೋದವನು ಅದನ್ನು ಹೇಳಿದ್ದು ನಿಜ. ಹುಷಾರು, ನೀರು ತಾಗಿಸಬೇಡಿ ಎಂದು ಎಚ್ಚರಿಸಲು ಹೇಳಿದ್ದ.

ಮುಚ್ಚಳ ಹಾಕುವ ಹೊತ್ತಿಗೆ ಇನ್ನೊಂದು ತೊಡಕು. ಪಂಪಿನ ಸಂಗಡ ಮುಚ್ಚಳದ ಕೆಳಗೆ ಕೂಡಿಸಲು ಎಥೆನಾಲ್ ತಡೆಯುವ ಒಂದು ಕಪ್ಪು ರಬ್ಬರ್ ರಿಂಗು ಬಂದಿತ್ತು. ಕಟ್ಟೆಯ ಮೇಲೆ ಇಟ್ಟಿದ್ದೆ. ಈಗ ಇಲ್ಲ! ಹಳೆಯ ರಿಂಗು ತೆಗೆಯುವಾಗಲೇ ಹರಿದಿತ್ತು. ಕಟ್ಟೆ, ಅಂಗಳ, ಗಟಾರ ಎಲ್ಲಾ ಹುಡುಕಿದೆವು. ಒಳಗಿನಿಂದ ಅವ್ವ, "ಬುತ್ತಿ ಕಟ್ಟೇವಿ, ಹೊತ್ತಾಯ್ತು" ಎಂದು ಕೂಗುತ್ತಿದ್ದಳು.

"ಟ್ಯೂಬ್ ಹಾಕೋಣ್ರಿ" ಎಂದ ಮಲ್ಲಪ್ಪ. ನಮ್ಮ ಕಸುಬಿನಲ್ಲಿ ಸೈಕಲ್ ಟ್ಯೂಬು ಸರ್ವರೋಗಕ್ಕೂ ಮದ್ದು. ಪೈಪು ಸೋರಿದರೆ ಟ್ಯೂಬು, ವೈರು ಸಡಿಲಾದರೆ ಟ್ಯೂಬು. ಕತ್ತರಿಸಿ ಸುತ್ತಿ ಮುಚ್ಚಳ ಬಿಗಿದೆವು. ಎಥೆನಾಲಿಗೆ ರಬ್ಬರು ಉಬ್ಬುತ್ತದೆ ಎಂಬ ಒಂದೇ ಕಾರಣಕ್ಕೆ ಹೈದರಾಬಾದಿನಿಂದ ಪಂಪು ತರಿಸಿದವನು, ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿ ಕೈ ಝಾಡಿಸಿಕೊಂಡೆ!

ಚಾವಿ ತಿರುವಿದೆ. ಕಾರು ಶುರುವಾಯಿತು. ನನ್ನ ಮುಖ ನೋಡಬೇಕಿತ್ತು ನೀವು.

ಹಿಂದಿನ ಸೀಟು ಮತ್ತೆ ಕೂಡಿಸಲು ವೇಳೆ ಇರಲಿಲ್ಲ. "ಇಲ್ಲದಿದ್ದರೇ ಒಳ್ಳೆಯದು, ಬುತ್ತಿಗೆ ಜಾಗ" ಎಂದುಕೊಂಡು ಸಜ್ಜೆ ರೊಟ್ಟಿಯ ಬುಟ್ಟಿ, ಹೋಳಿಗೆಯ ಬುಟ್ಟಿ, ಪಲ್ಯದ ದೊಡ್ಡ ಸ್ಟೀಲ್ ಡಬ್ಬಿ ಎಲ್ಲವನ್ನೂ ಸರಿಯಾಗಿ ಆ ಮುಚ್ಚಳದ ಮೇಲೆಯೇ ಜೋಡಿಸಿದೆ. ಅವ್ವ ಮುಂದೆ, ಮಹಾದೇವಿ ಹಿಂದೆ ಕೌದಿ ಹಾಸಿಕೊಂಡು ಬುತ್ತಿಯ ಪಕ್ಕ. ಹೊರಟೆವು.

"ಏನೋ ವಾಸನಿ ಬರಾಕತ್ತದಲ್ರಿ?" ಎಂದಳು ಮಹಾದೇವಿ, ಊರು ದಾಟುತ್ತಲೇ.

"ಹೊಸಾ ಪಂಪಿನ ವಾಸನಿ ಅದು. ಕಿಟಕಿ ತೆಗಿ."

ಹತ್ತಿಗೂಡೂರು ದಾಟಿದ್ದೆವು. ಕುದುರೆ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಮುದುಕಿ ಕಟ್ಟೆಗೆ ಕೂತ ಹಾಗೆ ರಸ್ತೆಯ ಬದಿಗೆ ಕೂತುಬಿಟ್ಟಿತು. ಎಥೆನಾಲ್ ತನ್ನ ಪಾಲಿನ ಕಾಯಿ ನೀರನ್ನು ಹೀರಿಕೊಂಡು ತಳಕ್ಕೆ ಇಳಿದಿತ್ತು, ನನ್ನ ರೇಸಿನ ಪಂಪು ಅದನ್ನೇ ಭಕ್ತಿಯಿಂದ ಎಂಜಿನ್ನಿಗೆ ಎತ್ತಿ ಕೊಟ್ಟಿತ್ತು.

ಹೊತ್ತು ನೆತ್ತಿಗೆ ಬರುತ್ತಿತ್ತು. ತಂಗಿಯ ಫೋನು. "ಎಲ್ಲಿ ಇದ್ದಿ ಯಣ್ಣಾ? ಎಲ್ಲಾರೂ ಬಂದಾರ." ದನಿ ಸಣ್ಣಗಾಗಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂದಿತು. ಬಾಗಿಲಲ್ಲಿ ನಿಲ್ಲಿಸಬೇಡ, ಅವಳು ಕೇಳಿದ್ದು ಅದೊಂದನ್ನೇ.

ದೇವರು ದೊಡ್ಡವನು. ಕಕ್ಕೇರಾದ ಕಡೆಗೆ ಖಾಲಿ ಟ್ರಾಲಿ ಎಳೆದುಕೊಂಡು ಹೊರಟಿದ್ದ ಒಂದು ಟ್ರ್ಯಾಕ್ಟರ್ ನಿಂತಿತು. ಓಡಿಸುತ್ತಿದ್ದ ಹಣಮಂತ ನನ್ನದೇ ಗಿರಾಕಿ!

"ಏನಾತ್ರಿ ಸಾವಕಾರ್ರ?"

"ಪಂಪ್ ಕೈ ಕೊಟ್ಟದಪಾ."

"ನನಗ ಮೋಟಾರ್ ಕೊಡುವಾಗ ಹತ್ತ ವರ್ಷ ತಿರುಗಿ ನೋಡಬ್ಯಾಡ ಅಂದಿದ್ರಿ. ಇದು ಯಾವಾಗ ಕೂಡಿಸಿದ್ದು?"

"ಇವತ್ತ ಮುಂಜಾನಿ" ಎಂದೆ. ಹಣಮಂತ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಅವ್ವ, ಮಹಾದೇವಿ ಆಗಲೇ ಬುಟ್ಟಿಗಳೊಂದಿಗೆ ಟ್ರಾಲಿ ಹತ್ತಿದ್ದರು. "ನಾ?" ಎಂದು ಕೇಳಿದೆ.

"ತವರ ಬುತ್ತಿ ನಡುದಾರ್ಯಾಗ ನಿಂದ್ರಬಾರ್ದು. ನೀವು ನಿಂದ್ರಬೋದು" ಎಂದಳು ಮಹಾದೇವಿ.

ಹಣಮಂತನಿಗೇ ಕನಿಕರ ಬಂದು ಹಗ್ಗ ಇದೆಯೇ ಎಂದ. ಇತ್ತು! ಡಿಕ್ಕಿಯಲ್ಲಿ ಮಲ್ಲಪ್ಪನ ಐವತ್ತು ಅಡಿಯ ನೈಲಾನ್ ಹಗ್ಗ! ಆ ಮುಂಜಾನೆ ತಂದ ಸಾಮಾನುಗಳಲ್ಲಿ ಹೇಳಿದ ಕೆಲಸ ಮಾಡಿದ್ದು ಅದೊಂದೇ. ಹೀಗೆ ಮುಂದೆ ಟ್ರ್ಯಾಕ್ಟರು, ನಡುವೆ ಟ್ರಾಲಿಯಲ್ಲಿ ಬುತ್ತಿ, ಹಿಂದೆ ಹಗ್ಗದ ತುದಿಯಲ್ಲಿ ರೇಷ್ಮೆ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದ ನಾನು, ಸುರಪುರದ ಬೀಗರ ಓಣಿಗೆ ಸವಾರಿ ಚಿತ್ತೈಸಿದೆವು. ಗಿರಿಜೆ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಾ ಬೀಗರು ಕಾರಿನ್ಯಾಗ ಬುತ್ತಿ ತರ್ತಾರ. ನೀವು ಬುತ್ತಿ ಹಿಂದ ಕಾರ್ ಕಟ್ಟಿಗೊಂಡು ಬಂದೀರಲ್ರಿ!" ಎಂದರು ತಂಗಿಯ ಮಾವ. ಪೆಂಡಾಲಿನ ತುಂಬಾ ನಗು. ಹೊತ್ತು ಮಾತ್ರ ಮೀರಿರಲಿಲ್ಲ. ಉಡಿ ತುಂಬುವುದು ನಡೆಯಿತು. ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ.

ಅವಸರದ ನಿಟ್ಟುಸಿರು ಅದು. ಬುತ್ತಿ ಬಿಚ್ಚಿದರು. ರೊಟ್ಟಿಯ ಬುಟ್ಟಿಯಿಂದ ಎದ್ದ ಪರಿಮಳಕ್ಕೆ ಮುಂದಿನ ಸಾಲಿನ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಪೆಟ್ರೋಲು! ಹೋಳಿಗೆಯೂ ಪೆಟ್ರೋಲು! ಸೈಕಲ್ ಟ್ಯೂಬು ಉಬ್ಬಿ, ಮುಚ್ಚಳ ಸಡಿಲಾಗಿ, ದಾರಿಯುದ್ದಕ್ಕೂ ಬುಟ್ಟಿಗೆ ಆವಿ ಹಿಡಿದಿತ್ತು. ಒಂದು ರೊಟ್ಟಿಯನ್ನು ಹಿತ್ತಲ ಎಮ್ಮೆಗೆ ಹಾಕಿ ನೋಡಿದರು. ಎಮ್ಮೆ ಮೂಸಿ ನನ್ನ ಕಡೆ ತಿರುಗಿ ನೋಡಿತು. ಗಿರಿಜೆಯ ಕಣ್ಣು ತುಂಬಿ ಬಂತು.

ಉಳಿದದ್ದು ಪಲ್ಯದ ಡಬ್ಬಿ. ಅವ್ವ ಮುಚ್ಚಳ ಎಳೆದಳು, ಬರಲಿಲ್ಲ. ಮಹಾದೇವಿ ಎಳೆದಳು, ಬರಲಿಲ್ಲ. ಕೊನೆಗೆ ಹಣಮಂತ ಮೊಣಕಾಲಿಗೆ ಒತ್ತಿ ತಿರುವಿದ ಮೇಲೆ ಠಪ್ಪೆಂದು ತೆರೆಯಿತು. ಪುಂಡಿಪಲ್ಯ! ಬೆಳ್ಳುಳ್ಳಿಯ ಘಮಘಮ! ಪೆಟ್ರೋಲಿನ ಸುಳಿವೂ ಇಲ್ಲ! ಗಿರಿಜೆ ಬೀಗರ ಮನೆಯ ರೊಟ್ಟಿಗೆ ಆ ಪಲ್ಯ ಹಚ್ಚಿಕೊಂಡು ತಿನ್ನತೊಡಗಿದಳು. ತಲೆ ಎತ್ತಲಿಲ್ಲ.

ನಾನು ಮುಚ್ಚಳ ತಿರುಗಿಸಿ ನೋಡಿದೆ. ಒಳಗೆ ಒಂದು ಕಪ್ಪು ರಬ್ಬರ್ ರಿಂಗು. ಹೊಚ್ಚ ಹೊಸದು.

"ಇದು ಎಲ್ಲಿ ಸಿಕ್ತು?" ಎಂದು ಮಹಾದೇವಿಯನ್ನು ಕೇಳಿದೆ.

"ಕಟ್ಟಿ ಮ್ಯಾಲ ಬಿದ್ದಿತ್ತು. ಡಬ್ಬಿದು ಸಡ್ಲಾಗಿತ್ತು. ಬರಾಬರ್ ಕುಂತದ ನೋಡ್ರಿ" ಎಂದಳು, ಹೆಮ್ಮೆಯಿಂದ.

ಹೌದು, ಬರಾಬರ್ ಕೂತಿತ್ತು. ಹೈದರಾಬಾದಿನಿಂದ ರೇಸಿನ ಸಾಮಾನು ತರಿಸಿ ಇಡೀ ಜಿಲ್ಲೆಯಲ್ಲಿ ಮೊದಲ ಬಾರಿಗೆ ನಾನು ಅಪ್‌ಗ್ರೇಡ್ ಮಾಡಿದ್ದು ಪುಂಡಿಪಲ್ಯದ ಡಬ್ಬಿಯನ್ನು!

ಸಂಜೆ ಹೊರಡುವಾಗ ಗಿರಿಜೆ ಹತ್ತಿರ ಬಂದಳು. ಅಷ್ಟರೊಳಗೆ ಮಹಾದೇವಿ ಅವಳಿಗೆ ಮುಂಜಾನೆಯ ಕಥೆಯನ್ನೆಲ್ಲಾ ಹೇಳಿ ಮುಗಿಸಿದ್ದಳು. ಕೈಯಲ್ಲಿ ಇನ್ನೂ ಪಲ್ಯದ ವಾಸನೆ ಇತ್ತು.

"ಯಣ್ಣಾ, ಹೆರಿಗಿಗಿ ಕರಕೊಂಡು ಹೋಗಾಕ ನೀನೇ ಬರಬೇಕ ನೋಡು."

ನನ್ನ ಎದೆ ಉಬ್ಬಿತು. "ಬರ್ತೀನ್ವಾ, ನಾ ಬರಲಾರದ ಇನ್ಯಾರ ಬರ್ತಾರ?"

"ಬಸ್ಸಿಗಿ ಬಾ" ಎಂದಳು. "ಕಾಯಿ ತರಬ್ಯಾಡ."