ಎಲ್ಲರ ಮನೆಯಲ್ಲೂ ಬೇಡುವ ನಮ್ಮ ಓರಗಿತ್ತಿ

ನಮ್ಮ ಓರಗಿತ್ತಿಯಷ್ಟು ನಾಚಿಕೆಯಿಲ್ಲದೆ ಬೇಡುವ ಹೆಂಗಸು ಇಡೀ ಇಟ್ಟಮಡುವಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ! ಒಂದು ಎಸಳು ಕರಿಬೇವು, ಅರ್ಧ ಲೋಟ ಮೊಸರು, ಛತ್ರಿ, ಏಣಿ, ಇಸ್ತ್ರಿ ಪೆಟ್ಟಿಗೆ, ಕೊನೆಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು. ಅವರ ಮನೆಯಲ್ಲಿ ಸೈಕಲ್ಲೇ ಇಲ್ಲ!

ಇಲ್ಲದವರು ಬೇಡಿದರೆ ಅದು ಕಷ್ಟ. ಎಲ್ಲ ಇಟ್ಟುಕೊಂಡು ಬೇಡುವವರಿಗೆ ಏನು ಹೇಳೋಣ? ನಮ್ಮ ಭಾವನವರು ಒಳ್ಳೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಎರಡು ಮಿಕ್ಸಿ ಇವೆ, ಒಂದರ ಡಬ್ಬವನ್ನು ಇನ್ನೂ ಒಡೆದಿಲ್ಲ. ಆದರೂ ಈಕೆ ಬಟ್ಟಲಲ್ಲಿ ತೆಂಗಿನಕಾಯಿ ತುರಿ ಹಿಡಿದುಕೊಂಡು, ನೋಯುವ ಮಂಡಿಯನ್ನು ಎಳೆದುಕೊಂಡು ಪಕ್ಕದ ಗೌಡರ ಮನೆಗೆ ಹೋಗಿ, "ಗೌಡ್ರಮ್ಮ, ಸ್ವಲ್ಪ ನಿಮ್ ಒರಳಲ್ಲಿ ರುಬ್ಕೊಳ್ಲಾ?" ಎನ್ನುತ್ತಾರೆ. ಚಟ್ನಿ ರುಬ್ಬಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ. ಈಕೆಗೆ ಒಂದೂವರೆ ಗಂಟೆ!

ಆ ಸೈಕಲ್ ಪಂಪನ್ನು ತಂದು ಎರಡು ದಿನ ಬಾಗಿಲ ಹಿಂದೆ ನಿಲ್ಲಿಸಿದ್ದರು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅದನ್ನ ಏನ್ ಮಾಡ್ತೀರ?"

"ಏನೂ ಇಲ್ಲ ಕಣೇ, ನಾಳೆ ವಾಪಸ್ ಕೊಡ್ತೀನಿ."

"ಮತ್ತೆ ಯಾಕೆ ತಂದ್ರಿ?"

"ಇಸ್ಕೊಳ್ಳೋಕೆ ಒಂದ್ಸಲ ಹೋದೆ. ವಾಪಸ್ ಕೊಡೋಕೆ ಇನ್ನೊಂದ್ಸಲ ಹೋಗ್ಬಹುದಲ್ಲ!"

ಇಂಥವರ ಜೊತೆ ಏನು ಮಾತಾಡುವುದು? ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ಹತ್ತೊಂಬತ್ತು ವರ್ಷಗಳಿಂದ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ಇದನ್ನೆಲ್ಲ ನೋಡುತ್ತಲೇ ಇದ್ದೇನೆ. ನಿಜ ಹೇಳಿಬಿಡುತ್ತೇನೆ, ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚು ಪಾಪವೆಂದು ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳೂ ನಾನೇ. ಪಾಠ ಹೇಳುವವರಿಗೆ ಪರೀಕ್ಷೆ ಇರುವುದಿಲ್ಲ ತಾನೇ!

ಹೊಟ್ಟೆಕಿಚ್ಚಿಗೆ ಕಾರಣವೂ ಇದೆ. ನಾವಿಬ್ಬರೂ ಹೋಗುವುದು ಒಂದೇ ಸಭೆಗೆ, ಅಂದರೆ ಒಂದೇ ಚರ್ಚಿಗೆ. ಅಲ್ಲಿ ನಾನು ಯೌವನಸ್ಥರ ಕೂಟದ ಮೇಲ್ವಿಚಾರಕಿ. ಹದಿನೆಂಟು ಹುಡುಗ ಹುಡುಗಿಯರಿಗೆ "ನಾಲ್ಕು ಗೋಡೆಯೊಳಗೇ ಕೂರಬೇಡಿ, ಹೊರಗಿನವರನ್ನು ಮಾತಾಡಿಸಿ, ನೆರೆಹೊರೆಯವರ ಸುಖದುಃಖಕ್ಕೆ ಆಗಿ" ಎಂದು ಹುರಿದುಂಬಿಸುವುದು ನನ್ನ ಕೆಲಸ. ಆರು ವರ್ಷದಿಂದ ಹುರಿದುಂಬಿಸುತ್ತಿದ್ದೇನೆ. ಅದಕ್ಕೊಂದು ಫೈಲಿದೆ, ವಾಟ್ಸಾಪ್ ಗುಂಪಿದೆ, ವಾರಕ್ಕೆರಡು ಸಲ ಫೋನಿನಲ್ಲೇ ಮೀಟಿಂಗ್ ಇದೆ, ಎಲ್ಲರಿಗೂ ನೀಲಿ ಟೀ ಶರ್ಟಿದೆ. ಹೊರಗಿನವರು ಮಾತ್ರ ಹೊರಗೇ ಇದ್ದರು! ಈಕೆಯ ಕೈಯಲ್ಲಿ ಫೈಲೂ ಇಲ್ಲ, ಮೈಮೇಲೆ ಟೀ ಶರ್ಟೂ ಇಲ್ಲ. ಇರುವುದು ಒಂದು ಖಾಲಿ ಬಟ್ಟಲು. ಆದರೆ ಸಂಜೆ ಐದಾದರೆ ಕೆಳಗಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ.

ಒಂದು ದಿನ ನಾನೇ ಬುದ್ಧಿ ಹೇಳಲು ಹೋದೆ. "ಅಕ್ಕ, ನಾವು ಕೊಡೋ ಕೈ ಆಗ್ಬೇಕು, ಬೇಡೋ ಕೈ ಆಗ್ಬಾರ್ದು. ಸಭೆಯೋರು ಅಂತ ಜನ ಏನಂದ್ಕೋತಾರೆ?"

ಅವರು ಗೌಡರ ಮನೆಯಿಂದ ತಂದ ಸೊಪ್ಪು ಬಿಡಿಸುತ್ತಾ ತಲೆಯನ್ನೂ ಎತ್ತಲಿಲ್ಲ. "ಕೊಡೋಕ್ ಹೋದ್ರೆ ಜನ ಬಾಗ್ಲು ಸ್ವಲ್ಪ ತೆಗ್ದು, ತಗೊಂಡು, ಥ್ಯಾಂಕ್ಸ್ ಅಂತ ಹಾಕ್ಕೋತಾರೆ. ಕೇಳೋಕ್ ಹೋದ್ರೆ ಒಳಗಡೆ ಕರೀತಾರೆ, ಕೂತ್ಕೊಳ್ಳಿ ಹುಡುಕಿ ಕೊಡ್ತೀನಿ ಅಂತಾರೆ. ಬೈಬಲ್ಲಲ್ಲಿ ಸ್ವಾಮಿ ಬಾವಿ ಹತ್ರ ಕೂತಿದ್ರಲ್ಲ, ಆ ಹೆಂಗಸು ನೀರಿಗೆ ಬಂದಾಗ ಮೊದ್ಲೇ ಉಪದೇಶ ಶುರು ಮಾಡಿದ್ರಾ? ಕುಡಿಯೋಕೆ ನೀರು ಕೊಡಮ್ಮ ಅಂದ್ರು. ಆಮೇಲೆ ಮಾತು ಬೆಳೀತು."

ಆ ಪಾಠವನ್ನು ನಾನು ಬಣ್ಣಬಣ್ಣದ ಚಾರ್ಟು ಬರೆದು ಎಷ್ಟು ವರ್ಷ ಮಾಡಿಲ್ಲ! ಬಾವಿಗೆ ರಾಟೆ, ಹಗ್ಗ, ಕೊಡ ಎಲ್ಲ ಬಿಡಿಸಿದ್ದೆ. ಈ ಒಂದು ವಿಷಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಓದಿದವಳು ನಾನು, ಚಾರ್ಟು ಬರೆದವಳು ನಾನು, ಸಿಕ್ಕಿದ್ದು ಸೊಪ್ಪು ಬಿಡಿಸುವ ಇವರಿಗೆ! ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಎದುರಿನ ಪಿಜಿಯಲ್ಲಿ ನರ್ಸಿಂಗ್ ಓದುವ ಹುಡುಗಿಯರಿದ್ದಾರೆ. ಯಾರೊಂದಿಗೂ ಮಾತಿಲ್ಲ, ಕಿವಿಯಲ್ಲಿ ಇಯರ್‌ಫೋನು, ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾರೆ. ಅವರಿಗಾಗಿ ನಾನೂ ನನ್ನ ಕೂಟದವರೂ ಒಂದು ತಿಂಗಳು ಯೋಜನೆ ಹಾಕಿದೆವು. ಈಕೆ ಒಂದು ಬೆಳಗ್ಗೆ ಗೇಟಿನಲ್ಲಿ ನಿಂತು, "ಪುಟ್ಟಿ, ಈ ಫೋನಲ್ಲಿ ಅಕ್ಷರ ಚಿಕ್ಕದಾಗ್ಬಿಟ್ಟಿದೆ, ಸ್ವಲ್ಪ ದೊಡ್ಡದು ಮಾಡ್ಕೊಡ್ತೀಯಾ?" ಎಂದರು. ಮುಗಿಯಿತು! ಅಂದಿನಿಂದ ವಾರಕ್ಕೊಂದು ಸಲ ಅಕ್ಷರ ಚಿಕ್ಕದಾಗುತ್ತದೆ, ವಾರಕ್ಕೊಂದು ಸಲ ನಾಲ್ಕು ಹುಡುಗಿಯರು ಬಂದು ದೊಡ್ಡದು ಮಾಡಿ, ಉಪ್ಪಿಟ್ಟು ತಿಂದು, ಮನೆಯ ನೆನಪು ತೆಗೆದು ಅತ್ತು ಹೋಗುತ್ತಾರೆ. ಬೀದಿಯಲ್ಲಿ ಸೊಪ್ಪು ಮಾರುವಾಕೆಯ ಫೋನಿನ ಅಕ್ಷರವನ್ನು ಇದೇ ಓರಗಿತ್ತಿ ಎರಡೇ ಒತ್ತಿಗೆ ದೊಡ್ಡದು ಮಾಡಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಹೋದ ಕ್ರಿಸ್ಮಸ್ಸಿನ ಕಥೆ ಕೇಳಿ. ನಾನು ಹದಿನಾಲ್ಕು ಮನೆಗಳಿಗೆ ತಟ್ಟೆ ಸಿದ್ಧ ಮಾಡಿದೆ. ಕಲಕಲ, ಅಚ್ಚುಮುರುಕು, ಕಜ್ಜಾಯ, ಮೇಲೆ ಕೆಂಪು ರಿಬ್ಬನ್ನು, ನನ್ನ ಕೈಬರಹದ ಶುಭಾಶಯ. ಹದಿನಾಲ್ಕು ಬಾಗಿಲಲ್ಲೂ "ಅಯ್ಯೋ ಇದೆಲ್ಲ ಯಾಕೆ ಮೇಡಂ" ಎಂದರು, ತೆಗೆದುಕೊಂಡರು. ನಲವತ್ತು ನಿಮಿಷದಲ್ಲಿ ಹಂಚಿ ಮನೆಗೆ ಬಂದೆ. ನಮ್ಮ ಓರಗಿತ್ತಿ ಏನು ಮಾಡಿದರು ಗೊತ್ತೇ? ಬೆಲ್ಲದ ಪಾತ್ರೆ ಹಿಡಿದುಕೊಂಡು ಹೋಗಿ, "ಗೌಡ್ರಮ್ಮ, ಕಜ್ಜಾಯದ ಪಾಕ ನನಗೆ ಈ ಸಲ ಯಾಕೋ ಬರ್ತಾನೇ ಇಲ್ಲ, ಬಂದು ನೋಡ್ತೀರಾ?" ಎಂದರು. ಪಾಕ ಬರುವುದಿಲ್ಲವಂತೆ! ಮದುವೆಯಾಗಿ ಬಂದಾಗ ನನಗೆ ಕಜ್ಜಾಯ ಕಲಿಸಿದವರು ಯಾರು? ಇವರೇ!

ಗೌಡರ ಹೆಂಡತಿ ಬಂದರು. ಪಾಕ ಎಳೆ ಬಂದಿಲ್ಲ ಎಂದರು. ತ್ಯಾಗರಾಜನಗರದಿಂದ ಒಬ್ಬ ನಿವೃತ್ತ ಟೀಚರು ಬಂದಿದ್ದರು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳಿ ಇವರು ಪರಿಚಯ ಮಾಡಿಕೊಂಡವರು. ಅವರು ಎಳೆ ಬಂದಿದೆ ಎಂದರು. ಜಗಳವೇ ಹತ್ತಿತು. ಮಧ್ಯಾಹ್ನದವರೆಗೆ ಕೆಳಗಿನ ಅಡುಗೆಮನೆಯಲ್ಲಿ ಐದು ಹೆಂಗಸರ ನಗು, ಎಣ್ಣೆಯ ಚುರ್ ಚುರ್, ಬೆಲ್ಲದ ಘಮ. ನಾನು ಮೇಲೆ ಒಬ್ಬಳೇ ಕೂತು ಉಳಿದ ರಿಬ್ಬನ್ನು ಸುತ್ತಿಡುತ್ತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಆಮೇಲೆ ಕಳಿಸಿದ ಕಜ್ಜಾಯ ತಿಂದೆ. ನನ್ನದಕ್ಕಿಂತ ಚೆನ್ನಾಗಿತ್ತು, ಅದೊಂದು ಬೇರೆ ಸಂಕಟ.

ಈಗ ನನ್ನ ನಿಜವಾದ ನೋವನ್ನು ಹೇಳುತ್ತೇನೆ. ಊರೆಲ್ಲ ಬೇಡುವ ಈ ಹೆಂಗಸು ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಹತ್ತಿರ ಒಂದು ಸೂಜಿಯನ್ನೂ ಕೇಳಿಲ್ಲ! ಹಿತ್ತಲ ಗಿಡ ಮದ್ದಲ್ಲವಂತೆ. ಮೆಟ್ಟಿಲು ಹತ್ತಿದರೆ ನಾನಿದ್ದೇನೆ, ನನ್ನ ಕುಂಡದಲ್ಲಿ ಕರಿಬೇವಿದೆ, ಮೊಸರಿದೆ, ಛತ್ರಿ ಮೂರಿವೆ. ಅವರು ಮಳೆಯಲ್ಲಿ ಎದುರುಮನೆಯವರೆಗೆ ನೆನೆಯುತ್ತಾ ಹೋಗಿ ಛತ್ರಿ ಕೇಳುತ್ತಾರೆ. ನಾನೇನು ಅಷ್ಟು ಕೆಟ್ಟವಳೇ? ಬೇಡುವವರಿಗೂ ಬೇಡವಾದವಳೇ?

ಈ ವರ್ಷ ನನ್ನ ಬೆಲೆ ತೋರಿಸಲು ಒಂದು ಅವಕಾಶ ಬಂತು. ಸಭೆಯಲ್ಲಿ 'ನೆರೆಹೊರೆಯವರ ಭಾನುವಾರ' ಮಾಡೋಣ, ಬೇರೆಯವರೂ ಬರಲಿ, ಜೊತೆಗೆ ಊಟ ಮಾಡಲಿ, ಒಬ್ಬರಿಗೊಬ್ಬರು ಪರಿಚಯವಾಗಲಿ ಎಂದು ನಮ್ಮ ಅಯ್ಯನವರು ತೀರ್ಮಾನಿಸಿದರು. ಪಾಸ್ಟರನ್ನು ನಾವು ಅಯ್ಯನವರು ಎನ್ನುತ್ತೇವೆ. ಜನ ಕರೆಯುವ ಜವಾಬ್ದಾರಿ ನನ್ನದು. ಜೊತೆಗೆ ಊಟಕ್ಕೆ ಮೊದಲು ಯೌವನಸ್ಥರಿಗೆ 'ಹೊರಗಿನವರನ್ನು ತಲುಪುವುದು ಹೇಗೆ' ಎಂಬ ನನ್ನ ಭಾಷಣ. ಏಳು ಅಂಶ ಬರೆದುಕೊಂಡಿದ್ದೆ!

ಮುನ್ನೂರು ಕರಪತ್ರ ಅಚ್ಚಾದವು, ಕೆಳಗೆ ನನ್ನ ಫೋನ್ ನಂಬರು. ನೀಲಿ ಟೀ ಶರ್ಟಿನ ಸೈನ್ಯ ಕರೆದುಕೊಂಡು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಹಂಚಿದೆ. ಮಾರನೆಯ ದಿನ ಸಂಜೆ ಮೊದಲ ಕರೆ ಬಂತು. ಎದೆ ಹಿಗ್ಗಿತು.

"ಮೇಡಂ, ಕಡಲೆಕಾಯಿ ಸಖತ್ತಾಗಿತ್ತು. ಮನೆಗೆ ತಂದ್ಕೊಡ್ತೀರಾ?"

ಯಾರೋ ಪುಣ್ಯಾತ್ಮ ಕಡಲೆಕಾಯಿಯವನು ನನ್ನ ಕರಪತ್ರಗಳನ್ನೆಲ್ಲ ಗುಡಿಸಿಕೊಂಡು ಹೋಗಿ ಪೊಟ್ಟಣ ಕಟ್ಟಿದ್ದ! ಆ ವಾರ ನನಗೆ ಒಂಬತ್ತು ಕರೆ ಬಂದವು, ಒಂಬತ್ತೂ ಕಡಲೆಕಾಯಿಗೆ. ಆದರೂ ಒಬ್ಬೊಬ್ಬರನ್ನೂ ಭಾನುವಾರಕ್ಕೆ ಬನ್ನಿ ಎಂದು ಕರೆದೆ, ನನ್ನ ಕರ್ತವ್ಯ ನಾನು ಬಿಡಲಿಲ್ಲ.

ಭಾನುವಾರ ಬಂತು. ನಮ್ಮಲ್ಲೊಂದು ಪದ್ಧತಿಯಿದೆ. ಹೊಸಬರು ಎದ್ದು ನಿಂತು ತಮ್ಮ ಪರಿಚಯ ಹೇಳಬೇಕು, ಯಾರು ಕರೆದರೆಂದು ಹೇಳಬೇಕು, ಸಭೆಯೆಲ್ಲ ಚಪ್ಪಾಳೆ ತಟ್ಟಬೇಕು. ಅಯ್ಯನವರು ಕೇಳಿದಾಗ ಇಪ್ಪತ್ತಮೂರು ಜನ ಎದ್ದರು! ನಾನು ಸೆರಗು ಸರಿಮಾಡಿಕೊಂಡೆ.

ಮೊದಲು ಗೌಡರು ಗಂಟಲು ಸರಿಮಾಡಿಕೊಂಡರು. "ಸಾರ್, ನನ್ನ ಯಾರೂ ಕರೀಲಿಲ್ಲ. ಹತ್ತು ದಿನದ ಹಿಂದೆ ಈಯಮ್ಮ ನಮ್ಮನೆ ಏಣಿ ಇಸ್ಕೊಂಡ್ ಹೋದ್ರು. ಕೇಳಿದ್ರೆ, ಚರ್ಚಲ್ಲಿದೆ, ಭಾನುವಾರ ಬಂದು ತಗೊಂಡ್ಹೋಗಿ ಅಂದ್ರು. ಏಣಿಗೆ ಬಂದೆ."

ತ್ಯಾಗರಾಜನಗರದ ಟೀಚರು ಎದ್ದರು. "ನಾನು ಜಮಖಾನಕ್ಕೆ ಬಂದಿದ್ದು. ನೀವೆಲ್ಲ ಅದರ ಮೇಲೇ ಕೂತಿದ್ದೀರಿ."

ಪಿಜಿ ಹುಡುಗಿಯರು ಒಟ್ಟಿಗೆ ಕೂಗಿದರು: "ಆ ಸ್ಪೀಕರ್ ನಮ್ದು!"

ಬಿಸಿಬೇಳೆ ಬಾತಿನ ಡಬರಿಯ ಒಡತಿ ಒಬ್ಬರು, ಸೌಟಿನವರು ಒಬ್ಬರು, ಕುರ್ಚಿಯವರು ಮೂವರು. ಬೀದಿಯ ಅರ್ಧ ಸಾಮಾನು ನಮ್ಮ ಚರ್ಚಿನಲ್ಲಿತ್ತು, ಸಾಮಾನಿನ ಹಿಂದೆ ಜನ ಬಂದಿದ್ದರು! ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಉಳಿದ ಒಬ್ಬರು ಎದ್ದು ಸುತ್ತ ನೋಡಿ ಕೇಳಿದರು: "ಇಲ್ಲಿ ಕಡಲೆಕಾಯಿ ಮೇಡಂ ಯಾರು?"

ಇಪ್ಪತ್ತೆರಡು ಜನ ಅವರ ಪಾಲಿಗೆ, ಒಬ್ಬರು ನನ್ನ ಪಾಲಿಗೆ. ಅಷ್ಟಕ್ಕೇ ಮುಗಿಯಲಿಲ್ಲ. ನಾನು ಏಳು ಅಂಶ ಹಿಡಿದು ಎದ್ದು ನಿಂತರೆ ಮುಂದಿನ ಸಾಲುಗಳು ಖಾಲಿ! ನನ್ನ ಹದಿನೆಂಟು ಜನರೂ ಅಂಗಳದಲ್ಲಿ ಗೌಡರಿಗೆ ನೀರು ಕೊಡುತ್ತಾ, ಟೀಚರಿಗೆ ಕುರ್ಚಿ ಹಾಕುತ್ತಾ, ಪಿಜಿ ಹುಡುಗಿಯರ ಜೊತೆ ಹರಟುತ್ತಾ ಇದ್ದಾರೆ. ಕರೆದರೆ ಒಬ್ಬಳು ಓಡುತ್ತಲೇ ಹೇಳಿದಳು: "ಆಂಟಿ, ಆಮೇಲೆ ಕೇಳ್ತೀವಿ, ಅಲ್ಲಿ ಎಲೆ ಸಾಲ್ತಿಲ್ಲ!"

ನಾನು ಊಟ ಮಾಡದೆ ಆಟೋ ಹತ್ತಿ ಮನೆಗೆ ಬಂದುಬಿಟ್ಟೆ.

ಮೂರು ಗಂಟೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಮೆಟ್ಟಿಲು, ಒಂದು ನರಳು. ಮಂಡಿ ನೋವಿನಿಂದಾಗಿ ವರ್ಷದಿಂದ ಮೇಲೆ ಬಾರದವರು ಹದಿನಾರು ಮೆಟ್ಟಿಲು ಹತ್ತಿ ಬಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಸಿದರು.

"ಊಟ ಯಾಕ್ ಮಾಡ್ಲಿಲ್ಲ ನೀನು?"

ನನ್ನ ಬಾಯಿಂದ ಬಂದದ್ದು ಊಟದ ಮಾತಲ್ಲ. "ಅಕ್ಕ, ಊರವರ ಹತ್ರ ಎಲ್ಲ ಕೇಳ್ತೀರ. ನನ್ನ ಹತ್ರ ಯಾಕೆ ಒಂದ್ ದಿನಾನೂ ಏನೂ ಕೇಳಲ್ಲ?" ಎಂದುಬಿಟ್ಟೆ. ನಲವತ್ತಾರು ವರ್ಷದ ಹೆಂಗಸು, ಚಿಕ್ಕ ಹುಡುಗಿಯ ಹಾಗೆ!

ಅವರು ಮಂಡಿ ನೀವಿಕೊಂಡರು. "ನೀನು ಕೇಳೋಕೆ ಮುಂಚೇನೇ ಕೊಟ್ಬಿಡ್ತೀಯಲ್ಲೇ. ಹೋದ ವರ್ಷ ನಮ್ಮಮ್ಮ ತೀರ್ಕೊಂಡಾಗ ಹದಿನೈದು ದಿನ ನೀನೇ ಅಡುಗೆ ಮಾಡಿ ಕೆಳಗೆ ತಂದ್ಕೊಟ್ಟೆ. ಒಂದ್ ದಿನಾನೂ ತಪ್ಪಿಸ್ಲಿಲ್ಲ. ಕ್ಯಾರಿಯರ್ ಇಟ್ಟು, ಬೆಲ್ ಮಾಡಿ, ಮೇಲೆ ಬಂದ್ಬಿಡ್ತಿದ್ದೆ. ಒಂದ್ ಸಂಜೆ ನಾನು ಹತ್ತಿ ಬಂದೆ. ನೀನು ಫೋನಲ್ಲಿ ಮೀಟಿಂಗ್ ಮಾಡ್ತಿದ್ದೆ. ಅದನ್ನ ಮುಚ್ಚಿ ಹಿಡ್ಕೊಂಡು, ಏನ್ ಬೇಕಿತ್ತಕ್ಕ ಅಂದೆ."

"ನೀವೇನಂದ್ರಿ?"

"ಏನೂ ಇಲ್ಲ ಅಂದೆ. ಇನ್ನೇನ್ ಹೇಳ್ಲಿ? ವಸ್ತು ಆದ್ರೆ ಹೆಸರು ಹೇಳ್ಬಹುದು. ಸ್ವಲ್ಪ ಹೊತ್ತು ನೀನು ಬೇಕಿತ್ತು, ಅಷ್ಟೆ."

ಆ ಸಂಜೆ ನನಗೆ ನೆನಪಿತ್ತು. ಹೊರಗಿನವರನ್ನು ತಲುಪುವುದರ ಬಗ್ಗೆಯೇ ಮೀಟಿಂಗ್ ನಡೆದಿತ್ತು.

ಅವರು ಗೋಡೆ ಹಿಡಿದು ಏಳಲು ನೋಡಿದರು. ಮಂಡಿ ಕೇಳಲಿಲ್ಲ. ಮತ್ತೆ ಕೂತು, ನನ್ನ ಕಡೆ ನೋಡಿ, ಸಂಕೋಚಪಡುತ್ತಾ ನಕ್ಕರು. ಬೀದಿಯೆಲ್ಲ ಬೇಡುವವರ ಮುಖದಲ್ಲಿ ನಾನು ಸಂಕೋಚ ಕಂಡದ್ದು ಅದೇ ಮೊದಲು.

"ಹತ್ತೋದೇನೋ ಹತ್ಬಿಟ್ಟೆ. ಇಳಿಯೋಕಾಗ್ತಿಲ್ಲ ಕಣೇ. ಕೈ ಹಿಡ್ಕೊಂಡು ಕೆಳಗಡೆ ಬಿಡ್ತೀಯಾ?"

ಹತ್ತೊಂಬತ್ತು ವರ್ಷಗಳಲ್ಲಿ ಅವರು ನನ್ನ ಹತ್ತಿರ ಕೇಳಿದ್ದು ಅದೊಂದೇ. ನಾನು ಒಪ್ಪಲಿಲ್ಲ.

"ಆಗಲ್ಲ ಅಕ್ಕ," ಎಂದೆ. ಬಾಗಿಲು ಹಾಕಿ, ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಆ ನೋಯುವ ಮಂಡಿಯ ಮೇಲೆ ಕೈಯಿಟ್ಟೆ. "ಕೂತ್ಕೊಳ್ಳಿ. ನಿಮ್ಮಮ್ಮನ ವಿಷಯ ಹೇಳಿ."